ನಿಮಿಷಕ್ಕೆ ಹದಿನಾರು ಉಸಿರು

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಹಳೆಯ ಆಳು ದೊಡ್ಡಪ್ಪ ಗೂಡಿನ ಹುಲ್ಲು ಸರಿಸಿದ. ಕೋತಿ ಇರಲಿಲ್ಲ.

ಪ್ರಾಣಿಗಳ ಆಸ್ಪತ್ರೆಗೆ ಆಸ್ಪತ್ರೆಯೇ ಎದ್ದು ನಿಂತಿತು. ಅಂಗೈಯಲ್ಲಿ ಮುದುರಿ ಮಲಗುವಷ್ಟು ಪುಟ್ಟ, ಅಪರೂಪದ ಜೀವ ಅದು. ಅರ್ಧ ಗಂಟೆಯೊಳಗೆ ಇನ್‌ಸ್ಪೆಕ್ಟರಮ್ಮ ಬಂದಳು. ಗೂಡಿಗೆ ತೂಗುಹಾಕಿದ್ದ ಹಾಳೆ ನೋಡಿದಳು. ಗಂಟೆಗೊಮ್ಮೆ ಹುಲ್ಲು ಸರಿಸಿ, ಉಸಿರು ಎಣಿಸಿ, ಬರೆದಿಡಬೇಕು. ಎರಡು ಗಂಟೆಯವರೆಗೂ ಬರೆದಿತ್ತು. ಎರಡಕ್ಕೇ ದೊಡ್ಡಪ್ಪನ ಪಾಳಿ ಶುರು.

"ಎರಡರ ತನಕ ಕೋತಿ ಇತ್ತು," ಎಂದ ಅಲ್ಲಿಯವರೆಗೆ ಪಾಳಿಯಲ್ಲಿದ್ದ ಕಾಂಪೌಂಡರ್. "ಆಮೇಲಿಂದು ದೊಡ್ಡಪ್ಪನ್ನೇ ಕೇಳಿ."

"ನಿದ್ದೆ ಕೆಡಿಸಬಾರ್ದು ಅಂತ ನಾನು ಹುಲ್ಲು ಮುಟ್ಟಿದ್ದೇ ಮೂರಕ್ಕಮ್ಮ." ಮುದುಕ ಕೈ ಮುಗಿದ. ಮೂವತ್ತು ವರ್ಷದ ನೌಕರಿ. ಹೊರಗೆ ಜೀಪು ನಿಂತಿತ್ತು. ಕಳ್ಳ ಅನ್ನಿಸಿಕೊಂಡು ಅದನ್ನು ಹತ್ತಬೇಕೇ?

ಅವನ ಚೀಲ ಜಾಲಾಡಿದರು. ಎರಡು ಬಾಳೆಹಣ್ಣು, ಕನ್ನಡಕದ ಡಬ್ಬಿ. ಕಿಟಕಿ ತೆರೆದಿತ್ತು, ಆದರೆ ಸರಳುಗಳ ನಡುವಿನ ಜೇಡರ ಬಲೆ ಒಂದೆಳೆಯೂ ಹರಿದಿರಲಿಲ್ಲ.

*

ಇನ್‌ಸ್ಪೆಕ್ಟರಮ್ಮ ಉಳಿದ ಹಾಳೆಗಳನ್ನೂ ಓದುತ್ತಾ ನಡೆದಳು. ಮೊಲಕ್ಕೆ ನಲವತ್ತೈದು. ಕುದುರೆಗೆ ಹನ್ನೆರಡು.

"ಡಾಕ್ಟರಮ್ಮ, ಅಷ್ಟು ದೊಡ್ಡ ಎದೆಗೆ ಬರೀ ಹನ್ನೆರಡು ಉಸಿರಾ?"

ಡಾಕ್ಟರಮ್ಮನ ಮುಖ ಅರಳಿತು. "ಅದೇ ಚಂದ ನೋಡಿ! ಇಲಿ ಆಗ್ಲಿ ಕುದುರೆ ಆಗ್ಲಿ, ಮೈಗೆ ತಕ್ಕಷ್ಟೇ ಶ್ವಾಸಕೋಶ, ಹೆಚ್ಚುಕಮ್ಮಿ ಒಂದೇ ಪಾಲು. ಆದ್ರೆ ಪುಟ್ಟ ಮೈಯೊಳಗಿನ ಒಲೆ ಜೋರಾಗಿ ಉರಿಯುತ್ತೆ, ಗಾಳಿ ಬೇಗಬೇಗ ಬೇಕು. ದೊಡ್ಡದು ನಿಧಾನಕ್ಕೆ ಉಸಿರಾಡುತ್ತೆ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಬೆರಗು ಇನ್ನೂ ಹೋಗಿಲ್ಲ."

ಇನ್‌ಸ್ಪೆಕ್ಟರಮ್ಮ ತಟ್ಟನೆ ಕೋತಿಯ ಗೂಡಿಗೆ ಮರಳಿದಳು. ಒಂಬತ್ತಕ್ಕೆ ಐವತ್ತೆರಡು. ಹತ್ತಕ್ಕೆ ಐವತ್ತನಾಲ್ಕು. ಹನ್ನೊಂದರಿಂದ ಹದಿನಾರು, ಹದಿನೆಂಟು, ಹದಿನಾರು, ಹದಿನಾರು.

"ಮೊದಲೆರಡು ಯಾರು ಬರೆದದ್ದು?"

"ನಾನೇ. ಹತ್ತೂವರೆಗೆ ಕುದುರೆ ಆಪರೇಷನ್‌ಗೆ ಹೋದೆ, ಈಗಷ್ಟೇ ಬಂದೆ. ಮಿಕ್ಕಿದ್ದು ಕಾಂಪೌಂಡರ್..." ಹಾಳೆ ನೋಡಿ ಡಾಕ್ಟರಮ್ಮ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯೋ! ಇದು ಕೋತಿ ಉಸಿರಲ್ಲ. ನಮ್ಮದು, ಮನುಷ್ಯರದು!"

*

"ಮೊದಲು ಎಲ್ಲಿದ್ರಿ?" ಇನ್‌ಸ್ಪೆಕ್ಟರಮ್ಮ ಕಾಂಪೌಂಡರನನ್ನು ಕೇಳಿದಳು.

"ಜನರ ಆಸ್ಪತ್ರೇಲಿ, ಮೇಡಂ."

"ಅಲ್ಲಿ ರೋಗಿ ಮುಖ ನೋಡದೇನೆ ಹದಿನಾರು, ಹದಿನೆಂಟು ಅಂತ ಗೀಚ್ತಿದ್ರಿ, ಅಲ್ವಾ? ಕೈಗೆ ರೂಢಿ ಬಿದ್ದಿತ್ತು. ಹನ್ನೊಂದಕ್ಕೇ ಗೂಡು ಖಾಲಿಯಾಗಿತ್ತು. ಕಳವು ದೊಡ್ಡಪ್ಪನ ಪಾಳಿಗೆ ಬೀಳಲಿ ಅಂತ ಎರಡರ ತನಕ ಖಾಲಿ ಹುಲ್ಲಿನ ಉಸಿರು ಬರೆದ್ರಿ. ನಿಮ್ಮೊಬ್ಬರ ಹತ್ರಾನೇ ಇರೋ ಔಷಧಿ ಕೋಣೆ ಕೀಲಿ ಕೊಡಿ."

"ಮನೇಲಿ ಮರೆತೆ..."

"ಹಾಗಾದ್ರೆ ನಿಮ್ಮ ಜೇಬಲ್ಲಿ ಝಣಝಣ ಅಂತಿರೋದೇನು?"

ಔಷಧಿ ಕೋಣೆಯ ಮೂಲೆಯಲ್ಲಿ ಹತ್ತಿ ತುಂಬುವ ರಟ್ಟಿನ ಪೆಟ್ಟಿಗೆ. ಅದಕ್ಕೆ ಪೆನ್ಸಿಲಿನಿಂದ ಚುಚ್ಚಿದ ತೂತುಗಳು. ಒಳಗಿಂದ ಎರಡು ದುಂಡು ಕಣ್ಣು ಮಿಟುಕಿದವು.

"ಕೊಳ್ಳೋರು ಸಂಜೆ ಬರ್ತಿದ್ರು," ಎಂದು ಕಾಂಪೌಂಡರ್ ತಲೆ ತಗ್ಗಿಸಿದ. ಜೀಪು ಹತ್ತಿದ್ದು ಅವನೇ.

ದೊಡ್ಡಪ್ಪ ಕೋತಿಯನ್ನು ಅಂಗೈಗೆ ತೆಗೆದುಕೊಂಡ. ಇನ್‌ಸ್ಪೆಕ್ಟರಮ್ಮ ಗಡಿಯಾರ ಹಿಡಿದಳು. ಅವನು ಆ ಗುಬ್ಬಿ ಎದೆಯನ್ನೇ ನೋಡುತ್ತಾ ಒಂದು ನಿಮಿಷ ಎಣಿಸಿದ.

"ಎಪ್ಪತ್ತು," ಎಂದ. "ಹೆದರಿದೆ, ಪಾಪ. ಇಳಿಯುತ್ತೆ ಬಿಡಿ."

ಇನ್‌ಸ್ಪೆಕ್ಟರಮ್ಮ ತನ್ನ ಪೆನ್ನನ್ನೇ ಅವನ ಕೈಗಿಟ್ಟಳು. "ಬರೀರಿ ದೊಡ್ಡಪ್ಪ. ನಾಲ್ಕು ಗಂಟೆ."