ಆರು ಮೊಟ್ಟೆಗಳ ಫೋಟೋ

"ಬೇಗ ಅಕ್ಕಾ, ಬೇಗ! ಚುಕ್ಕಿ ತಿಂದು ಮುಗಿಸ್ತಾ ಇದೆ!"

ಮೆಟ್ಟಿಲ ಕೆಳಗಿನಿಂದ ತಲೆ ಹೊರಗೆ ಹಾಕಿ ಬಟನ್ ಪಿಸುಗುಟ್ಟಿದ. ಅವನು ಪಕ್ಕದ ಮನೆಯ ಟೈಲರ್ ಅತ್ತೆಯ ಮಗ. ವಯಸ್ಸು ಆರು. ಅಮ್ಮನ ಬಟನ್ ಡಬ್ಬಿ ಸದಾ ಅವನ ಕೈಯಲ್ಲೇ ಇರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಚುಕ್ಕಿ ಅವರ ಕೋಳಿ. ಅದು ಅಂಗಳದ ಮೂಲೆಯಲ್ಲಿ ಕಾಳು ಹೆಕ್ಕುತ್ತಿತ್ತು.

"ಸುಮ್ನಿರೋ. ನೀನು ಹೀಗೆ ಅವಸರ ಮಾಡಿದ್ರೆ ನನ್ ಕೈ ನಡುಗತ್ತೆ," ಅಂದಳು ಕ್ಲಿಕ್ಕಿ.

ಕ್ಲಿಕ್ಕಿ ಫೋಟೋ ಸ್ಟುಡಿಯೋದವರ ಮಗಳು. ಐದನೇ ಕ್ಲಾಸು. ಅಪ್ಪನ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಾಳೆ. ಅವಳ ನಿಜವಾದ ಹೆಸರು ಕರೆಯುವುದು ಹಾಜರಿ ಪುಸ್ತಕ ಮಾತ್ರ.

ಮೆಟ್ಟಿಲ ಕೆಳಗೆ ಹಳೇ ಬಟ್ಟೆ ಹಾಸಿದ ಮರದ ಪೆಟ್ಟಿಗೆ ಇತ್ತು. ಅದರಲ್ಲಿ ಏಳು ಮೊಟ್ಟೆ. ಚುಕ್ಕಿ ಕಾವಿಗೆ ಕೂತು ಹತ್ತು ದಿನವಾಗಿತ್ತು. ಬಟನ್ ದಿನಕ್ಕೊಂದು ಪೆನ್ಸಿಲ್ ಗೆರೆಯನ್ನು ಗೋಡೆಗೆ ಎಳೆಯುತ್ತಿದ್ದ. ಇಪ್ಪತ್ತೊಂದು ಗೆರೆಯಾದರೆ ಮರಿಗಳು ಬರುತ್ತವೆ ಅಂತ ಅಮ್ಮ ಹೇಳಿದ್ದರು.

ಕ್ಲಿಕ್ಕಿ ಕಪ್ಪು ಬಟ್ಟೆ ಹಾಸಿದಳು. ಮೊಟ್ಟೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಮುಖ ಸಿಂಡರಿಸಿದಳು.

"ಮಂಕಾಗಿದೆ ಕಣೋ. ಸುಣ್ಣದ ಉಂಡೆ ಥರ."

ಜೇಬಿನಿಂದ ಹತ್ತಿ ಮತ್ತು ಪುಟ್ಟ ಎಣ್ಣೆ ಸೀಸೆ ಹೊರಗೆ ಬಂತು. ಅಪ್ಪನ ಸ್ಟುಡಿಯೋದಲ್ಲಿ ಯಾವ ವಸ್ತುವೂ ಹಾಗೇ ಬಂದು ಕ್ಯಾಮೆರಾ ಮುಂದೆ ಕೂರುತ್ತಿರಲಿಲ್ಲ. ಅಂಗಡಿಯವರು ಜಾಹೀರಾತಿಗೆಂದು ಸೇಬು ತರಲಿ, ಶೂ ತರಲಿ, ಅಪ್ಪ ಮೊದಲು ಎಣ್ಣೆ ಹತ್ತಿಯಲ್ಲಿ ಒರೆಸುತ್ತಿದ್ದ. "ಹೊಳೆದರೇನೇ ಫೋಟೋ" ಎಂಬುದು ಅವನ ಮಾತು. ಕ್ಲಿಕ್ಕಿಗೆ ಅದು ಬಾಯಿಪಾಠವಾಗಿತ್ತು.

"ಒಳಗಿರೋ ಮರಿಗೆ ನೋವಾಗಲ್ವಾ?" ಕೇಳಿದ ಬಟನ್.

"ನಿಮ್ಮನೆ ಗೋಡೆಗೆ ಬಣ್ಣ ಹೊಡೆದಾಗ ನಿಂಗೆ ನೋವಾಯ್ತಾ?"

"ಇಲ್ಲ."

"ಮತ್ತೆ? ಏನೂ ಆಗಲ್ಲ. ನಿನ್ನಾಣೆ."

ಒಂದು, ಎರಡು, ಮೂರು... ಮೊಟ್ಟೆಗಳು ಮಿಂಚತೊಡಗಿದವು. ಏಳನೆಯದಕ್ಕೆ ಕೈ ಹಾಕಿದಾಗ ಬಟನ್ ತಡೆದ. "ಅದು ಬೇಡ ಅಕ್ಕಾ. ಪೆಟ್ಟಿಗೆ ಖಾಲಿ ಇದ್ರೆ ಚುಕ್ಕಿ ಅಳತ್ತೆ."

"ಕೋಳಿ ಅಳತ್ತಂತೆ! ಸರಿ ಮಾರಾಯ, ಆರೇ ಸಾಕು."

ಕ್ಲಿಕ್. ಕ್ಲಿಕ್. ಕ್ಲಿಕ್.

ಶಾಲೆಯಲ್ಲಿ ಆ ತಿಂಗಳ ಫೋಟೋ ಗೋಡೆಗೆ ಡ್ರಾಯಿಂಗ್ ಮಿಸ್ ಕೊಟ್ಟಿದ್ದ ವಿಷಯ 'ಚಿಪ್ಪು'. ಮನೆಯಲ್ಲಿ, ಬೀದಿಯಲ್ಲಿ ಎಲ್ಲಿ ಕಂಡರೂ ಸರಿ. ಒಬ್ಬಳು ಬಚ್ಚಲಲ್ಲಿ ಸೋಪು ಇಡುವ ಕಡಲ ಚಿಪ್ಪಿನ ಫೋಟೋ ತಂದಿದ್ದಳು. ಇನ್ನೊಬ್ಬ ಒದ್ದೆ ಪೈಪಿನ ಮೇಲೆ ಹತ್ತುತ್ತಿದ್ದ ಬಸವನಹುಳುವಿನ ಫೋಟೋ ತಂದಿದ್ದ. ದಂತ ವೈದ್ಯರ ಕ್ಲಿನಿಕ್ಕಿನ ಗಾಜಿನ ತೊಟ್ಟಿಯಲ್ಲಿದ್ದ ಆಮೆಯೂ ಬಂದಿತ್ತು. ಹಿಂದಿನ ಬೆಂಚಿನ ಉದ್ದಣ್ಣ ತಂದದ್ದು ಅಪ್ಪನ ಹೆಲ್ಮೆಟ್!

"ಇದೂ ಚಿಪ್ಪೇ ಮಿಸ್. ತಲೆಗೆ."

"ನಿನ್ನ ತಲೆಗೆ ಬೇಕಾಗಿಲ್ಲ ಬಿಡೋ, ಅದೇ ಗಟ್ಟಿಯಾಗಿದೆ!" ಯಾರೋ ಕೂಗಿದರು. ಕ್ಲಾಸೆಲ್ಲ ನಕ್ಕಿತು. ಮಿಸ್ ಕೂಡ ನಕ್ಕು ಹೆಲ್ಮೆಟ್ಟನ್ನೂ ಗೋಡೆಗೆ ಅಂಟಿಸಿದರು.

ಆದರೆ ಎಲ್ಲರೂ ಮುಗಿಬಿದ್ದು ನೋಡಿದ್ದು ಕ್ಲಿಕ್ಕಿಯ ಫೋಟೋವನ್ನೇ. ಕಪ್ಪು ಬಟ್ಟೆಯ ಮೇಲೆ ಆರು ಮೊಟ್ಟೆ, ಪ್ರತಿಯೊಂದರ ಬೆನ್ನಿನ ಮೇಲೂ ಪುಟ್ಟ ಕಿಟಕಿಯಂಥ ಬೆಳಕು. ಅದನ್ನು ನಡುಮಧ್ಯಕ್ಕೆ ಹಾಕಿದ ಮಿಸ್, ಎಲ್ಲರಿಗೂ ಕೇಳಿದ್ದ ಪ್ರಶ್ನೆಯನ್ನೇ ಅವಳಿಗೂ ಕೇಳಿದರು. "ನಿನ್ನ ಚಿಪ್ಪಿನ ಒಳಗೆ ಯಾರಿದ್ದಾರಮ್ಮ?"

ಕ್ಲಿಕ್ಕಿ ತಬ್ಬಿಬ್ಬಾದಳು. "ಒಳಗಾ ಮಿಸ್? ಅದು... ಬೆಳಕು ತುಂಬಾ ಚೆನ್ನಾಗಿತ್ತು ಮಿಸ್."

ಅಪ್ಪ ಹಿಗ್ಗಿ ಹೀರೇಕಾಯಿಯಾದ. ಅದರ ದೊಡ್ಡ ಪ್ರಿಂಟ್ ತೆಗೆದು ಸ್ಟುಡಿಯೋದ ಗಾಜಿಗೆ ಅಂಟಿಸಿದ. ಅಡುಗೆಮನೆಯ ಮೊಟ್ಟೆ ಅಂದುಕೊಂಡಿದ್ದ ಪಾಪ. ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಗೋಡೆಯ ಮೇಲೆ ಇಪ್ಪತ್ತೊಂದು ಗೆರೆಯಾಯಿತು. ಅವತ್ತು ಶಾಲೆಯಿಂದ ಬರುವಷ್ಟರಲ್ಲಿ ಬಟನ್ ಬೀದಿಯ ತುದಿಗೇ ಓಡಿಬಂದಿದ್ದ.

"ಬಂತು ಅಕ್ಕಾ! ಒಂದು ಬಂತು! ಹಳದಿ ಇದೆ, ಒದ್ದೆ ಇದೆ, ಬೈತಾ ಇದೆ!"

ಆ ಒಂದೇ ಬಂದದ್ದು. ಮಾರನೆಯ ದಿನ ಇನ್ನೊಂದು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಟನ್ ಪೆಟ್ಟಿಗೆಗೆ ಕಿವಿಯಿಟ್ಟು ಮಲಗಿಯೇ ಇದ್ದ. ಅವನು ಆರು ಹೆಸರು ಯೋಚಿಸಿಟ್ಟಿದ್ದ.

ಮೂರನೆಯ ಸಂಜೆ ಟೈಲರ್ ಅತ್ತೆ ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿಗೆ ಹಿಡಿದು ನೋಡಿದರು. ಅಡ್ಡಡ್ಡ ತಲೆಯಾಡಿಸಿ ಕೆಳಗಿಟ್ಟರು. ಕ್ಲಿಕ್ಕಿ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲೆ ಸಾಲಾಗಿದ್ದ ಆರೂ ಇನ್ನೂ ಸ್ವಲ್ಪ ಮಿಂಚುತ್ತಿದ್ದವು. ಪಕ್ಕದಲ್ಲಿ ಬಿದ್ದಿದ್ದ, ಮರಿ ಒಡೆದು ಬಂದ ಚಿಪ್ಪಿನ ಚೂರುಗಳು ಮಾತ್ರ ಮಂಕಾಗಿದ್ದವು. ಸುಣ್ಣದ ಹಾಗೆ.



"ಕೂರೋಕೆ ಬರಲ್ಲ ಈ ದರಿದ್ರದ್ದಕ್ಕೆ," ಅಂದರು ಅತ್ತೆ. "ಎದ್ದೆದ್ದು ತಿರುಗೋ ಚಟ. ಭಾನುವಾರ ಕೋಳಿ ಅಂಗಡಿಯವನು ಬರಲಿ, ಹಿಡಿದು ಕೊಟ್ಬಿಡ್ತೀನಿ. ಒಂದು ಮರಿ ತಾನೇ, ನಾನೇ ಬೆಳೆಸ್ಕೋತೀನಿ."

ಬಟನ್ ಕಣ್ಣೊರೆಸಿಕೊಂಡು ಚುಕ್ಕಿಯ ಎದುರಿಗೆ ಹೋಗಿ ನಿಂತ. "ನೀನು ಕೆಟ್ಟ ಅಮ್ಮ! ಕೆಟ್ಟ ಅಮ್ಮ!"

ಚುಕ್ಕಿ ರೆಕ್ಕೆಯ ಕೆಳಗೆ ಮರಿಯನ್ನು ಇನ್ನಷ್ಟು ಒಳಗೆ ತಳ್ಳಿಕೊಂಡಿತು. ಪಾಪದ ಕೋಳಿ, ಏನಂತ ಹೇಳೀತು? ಮಾತು ಬಾರದವರ ತಲೆಗೆ ತಪ್ಪು ಕಟ್ಟುವುದು ಎಲ್ಲರಿಗೂ ಸಲೀಸು. ಮಾತು ಬರುವ ಕ್ಲಿಕ್ಕಿಯೋ, ಬಾಯಿ ಹೊಲಿದವಳಂತೆ ನಿಂತಿದ್ದಳು. ಆಮೇಲೆ ಸದ್ದಿಲ್ಲದೆ ಸ್ಟುಡಿಯೋಗೆ ನಡೆದಳು.

ಅಪ್ಪ ಲೆನ್ಸ್ ಒರೆಸುತ್ತಿದ್ದ.

"ಅಪ್ಪಾ, ಮೊಟ್ಟೆಗೆ ಎಣ್ಣೆ ಹಚ್ಚಿದ್ರೆ ಏನಾಗತ್ತೆ?"

"ಒಳ್ಳೇದೇ ಆಗತ್ತೆ. ಬೇಗ ಕೆಡಲ್ಲ. ಮೊಟ್ಟೆ ಚಿಪ್ಪಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇರತ್ತೆ ಪುಟ್ಟಿ. ಎಣ್ಣೆ ಹೋಗಿ ಅದನ್ನೆಲ್ಲ ಮುಚ್ಚಿಬಿಡತ್ತೆ. ಒಳಗೆ ಗಾಳಿನೇ ಹೋಗಲ್ಲ, ನೋಡು." ಲೆನ್ಸಿಗೆ ಉಫ್ ಅಂತ ಊದಿದ. ಆಮೇಲೆ ತಲೆ ಎತ್ತಿದ. ಮಗಳ ಮುಖ ನೋಡಿದ. ಗಾಜಿಗಂಟಿಸಿದ ಫೋಟೋ ನೋಡಿದ.

"ಯಾವ ಮೊಟ್ಟೆ ಅವು?"

ಕ್ಲಿಕ್ಕಿ ಮೆಲ್ಲಗೆ ಹೇಳಿದಳು.

ಅಪ್ಪ ಲೆನ್ಸ್ ಕೆಳಗಿಟ್ಟ. ಎದ್ದು ಹೋಗಿ, ಗಾಜಿನಿಂದ ಆ ಪ್ರಿಂಟನ್ನು ಮೂಲೆ ಮೂಲೆ ಬಿಡಿಸಿ ತೆಗೆದ. "ಹೊಳೀಬೇಕು, ಹೊಳೀಬೇಕು ಅಂತ ದಿನಾ ಬಡ್ಕೊಳ್ಳೋನು ನಾನೇ," ಅಂದ ಮೆತ್ತಗೆ. "ಯಾವುದಕ್ಕೆ ಹಚ್ಚಬಾರದು ಅಂತ ಒಂದು ದಿನಾನೂ ಹೇಳ್ಲಿಲ್ಲ. ನಾನೂ ಬರ್ಲಾ?"

"ಬೇಡ. ನಾನೇ ಹೋಗ್ತೀನಿ."

ಅಲ್ಲಿಂದ ಟೈಲರ್ ಅತ್ತೆಯ ಮನೆಗೆ ಹದಿನೈದು ಹೆಜ್ಜೆ. ಅವತ್ತು ಅದು ಮುಗಿಯಲೇ ಇಲ್ಲ.

ಹೊಲಿಗೆ ಮಷೀನು ಗಡಗಡ ಓಡುತ್ತಿತ್ತು. "ಅತ್ತೆ, ಚುಕ್ಕೀನ ಕೊಡ್ಬೇಡಿ," ಅಂದಳು ಕ್ಲಿಕ್ಕಿ. ಮಷೀನು ನಿಲ್ಲಲಿಲ್ಲ. "ಅದು ಚೆನ್ನಾಗೇ ಕೂತಿತ್ತು. ನಾನು ಮೊಟ್ಟೆಗೆ ಎಣ್ಣೆ ಹಚ್ಚಿದೆ. ಫೋಟೋಗೆ. ಒಳಗೆ ಗಾಳಿ ಹೋಗಲಿಲ್ಲ."

ಮಷೀನು ನಿಂತಿತು.

"ಎಷ್ಟಕ್ಕೆ?"

"ಆರಕ್ಕೂ."

ಅತ್ತೆ ಅವಳನ್ನೇ ನೋಡಿದರು. ಹಲ್ಲಿನಲ್ಲಿ ದಾರ ಕಚ್ಚಿ ಹರಿದರು. "ನಾನು ಸುಮ್ನೆ ಆ ಕೋಳೀನ ಬೈದ್ನಲ್ಲೇ," ಅಂದರು. "ಕೊಡಲ್ಲ ಬಿಡು." ಚೆನ್ನಾಗಿ ಬೈದು ಕಳಿಸಿದ್ದರೆ ಎಷ್ಟೋ ವಾಸಿಯಿತ್ತು. ಮಷೀನು ಮತ್ತೆ ಓಡತೊಡಗಿತು, ಈ ಸಲ ನಿಧಾನವಾಗಿ.

ಬಟನ್ ಮೆಟ್ಟಿಲ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಕ್ಲಿಕ್ಕಿ ಅವನ ಪಕ್ಕ ಕೂತಳು. ಅವನು ಒಂದು ಗೇಣು ಆಚೆ ಸರಿದ.

"ಏನೂ ಆಗಲ್ಲ ಅಂದಿದ್ದೆ."

"ಹೂಂ."

"ಆಣೆ ಮಾಡಿದ್ದೆ."

"ಹೂಂ. ನಂಗೆ ಗೊತ್ತಿರ್ಲಿಲ್ಲ ಬಟನ್. ಗೊತ್ತಿಲ್ದೇನೇ ಆಣೆ ಮಾಡ್ಬಿಟ್ಟೆ."

ಅವನು ಚಪ್ಪಲಿಯ ತುದಿಯಿಂದ ನೆಲ ಕೆರೆದ. "ಗಾಳಿ ಇಲ್ದಿದ್ರೆ ಹೇಗಿರತ್ತೆ?"

ಬಟನ್ ಉತ್ತರಕ್ಕೆ ಕಾಯಲಿಲ್ಲ. ಒಂದು ಕೈಯಲ್ಲಿ ಮೂಗು ಹಿಡಿದ, ಇನ್ನೊಂದರಲ್ಲಿ ಬಾಯಿ ಮುಚ್ಚಿದ. ಕೆನ್ನೆ ಉಬ್ಬಿತು. ಐದು ಎಣಿಸುವುದರೊಳಗೆ ಉಫ್ ಅಂತ ಬಿಟ್ಟುಬಿಟ್ಟ.

"ಇಷ್ಟೇನಾ?"

"ಇಲ್ಲ. ಇನ್ನೂ ಜಾಸ್ತಿ," ಅಂದಳು ಕ್ಲಿಕ್ಕಿ.

ಆಮೇಲೆ ತಾನೂ ಮೂಗು ಹಿಡಿದಳು. ತುಟಿ ಬಿಗಿದಳು. ಬಟನ್ ಬೆರಳು ಮಡಿಸುತ್ತ ಗಟ್ಟಿಯಾಗಿ ಎಣಿಸಿದ. ಹತ್ತಕ್ಕೆ ಏನೂ ಅನ್ನಿಸಲಿಲ್ಲ. ಹದಿನೈದಕ್ಕೆ ಎದೆಯೊಳಗೆ ಯಾರೋ ಬಾಗಿಲು ಬಡಿಯತೊಡಗಿದರು. ಇಪ್ಪತ್ತಕ್ಕೆ ಕಣ್ಣಲ್ಲಿ ನೀರು ತುಂಬಿ ಅಂಗಳ ಕಲಸಿಹೋಯಿತು.

"ಬಿಡು ಅಕ್ಕಾ! ಸಾಕು, ಬಿಡು!"

ಬಟನ್ ಎರಡೂ ಕೈಯಿಂದ ಅವಳ ಕೈ ಹಿಡಿದು ಜಗ್ಗಿದ. ಗಾಳಿ ಒಳಗೆ ನುಗ್ಗಿತು. ಕ್ಲಿಕ್ಕಿ ಬಾಯಿ ತೆರೆದು ಉಸಿರೆಳೆದಳು, ಮತ್ತೆ ಎಳೆದಳು.

ಅವಳ ಕೈ ಜಗ್ಗಲು ಬಟನ್ ಇದ್ದ.

ಚಿಪ್ಪಿನೊಳಗಿನ ಆ ಆರಕ್ಕೆ ಯಾರೂ ಇರಲಿಲ್ಲ. ಬಟನ್ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.