ಏಳನೇ ಮಹಡಿಗೆ ಬಂದ ಬಂಗುಡೆ

ದಿವಾನ ಬಾಯಿ ತೆರೆಯದೆ ಮೂರು ದಿನವಾಗಿತ್ತು, ನಾನು ತೆರೆಯದೆ ಹದಿನೆಂಟು ದಿನ. ಅವನದು ಊಟ ನಿಂತಿತ್ತು, ನನ್ನದು ಹೇಳಬೇಕಾದ ಮಾತು.

ದಿವಾನ ನಮ್ಮ ಬೆಕ್ಕು. ನೆಗಡಿಯಾಗಿ ಮೂಗು ಕಟ್ಟಿತ್ತು. ವಾಸನೆ ಹತ್ತದಿದ್ದರೆ ಬೆಕ್ಕು ತಿನ್ನುವುದೇ ಇಲ್ಲವಂತೆ. ಬೆಳಿಗ್ಗೆ ಡಾಕ್ಟರ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು, ಇವತ್ತು ತಿನ್ನಲೇಬೇಕು, ಇಲ್ಲದಿದ್ದರೆ ಲಿವರ್ ಕೈಕೊಡುತ್ತದೆ. ಮೀನು ಬೆಚ್ಚಗೆ ಮಾಡಿ ಕೊಡಿ ಅಂತ.

ಮೀನು! ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ, ಅದೂ ಏಕಾದಶಿಯ ದಿನ! ಬೆಕ್ಕಿನ ಪ್ಯಾಕೆಟ್ಟಿನ ಮೇಲೆ ಕೋಳಿಯ ಚಿತ್ರವೇ ಇದ್ದರೂ ಅದನ್ನು 'ಬಿಸ್ಕತ್ತು' ಅಂತ ಕರೆದು ನಾಲ್ಕು ವರ್ಷ ಕಳೆದವಳು ನನ್ನಮ್ಮ.

"ಮೊಸರಲ್ಲಿ ಅವಲಕ್ಕಿ ಕಲಸಿ ಕೊಡೇ ಧಾರಿಣಿ," ಅಂದಳು. "ತಿನ್ನದಿದ್ರೆ ಅವನೂ ಏಕಾದಶಿ ಮಾಡ್ಲಿ. ಪುಣ್ಯ ಬರುತ್ತೆ."

"ಸತ್ತ ಮೇಲೆ ಪುಣ್ಯ ಕಟ್ಟಿಕೊಂಡು ಏನ್ ಮಾಡ್ತಾನಮ್ಮ?"

ಹೊರಗೆ ರಾಜಧಾನಿಯ ಚಳಿಗಾಲದ ಹೊಗೆ. ಅಪ್ಪ ಕಿಟಕಿಗಳಿಗೆಲ್ಲ ಟೇಪ್ ಬಡಿದಿದ್ದರು. ಆಫೀಸೂ ಮನೆಗೇ ಬಂದು ಕೂತಿತ್ತು. ಮುಂದಿನ ಗುರುವಾರ ನನ್ನ ನಿಶ್ಚಿತಾರ್ಥ. ಹುಡುಗ ಗ್ರೇಟರ್ ನೋಯ್ಡಾದ ಶ್ರೇಯಸ್, ಒಳ್ಳೆಯವನು. ಬೇಡ ಅನ್ನಲು ಕಾರಣ ಹೊಳೆಯದೆ ಹದಿನೆಂಟು ದಿನದ ಹಿಂದೆ ಹೂಂ ಅಂದಿದ್ದೆ. ಅಂದಿನಿಂದ ನನಗೆ ಉಸಿರು ಕಟ್ಟುತ್ತಿದ್ದುದು ಹೊಗೆಗಲ್ಲ.

ಸುಶಾಂತನಿಗೆ ಮೆಸೇಜ್ ಮಾಡಿದೆ. ಮಾರ್ಕೆಟ್ಟಿನಲ್ಲಿ ಅವನ ಅಪ್ಪ ಕರುಣಾಕರರ ಹೋಟೆಲ್ ಇದೆ. ಬೋರ್ಡಿನ ಮೇಲೆ 'ಶುದ್ಧ ಶಾಕಾಹಾರಿ'. ಮಹಡಿಯ ಮೇಲಿನ ಅವರ ಮನೆಯಲ್ಲಿ ಮಾತ್ರ ದಿನಾ ಮೀನು ಸಾರು. ಎರಡು ವರ್ಷದಿಂದ ಪ್ರತಿ ಶನಿವಾರ ನಮಗೆ ದೋಸೆ ಹಿಟ್ಟು ತರುವವನು ಅವನೇ. ಹಿಟ್ಟು ಕೊಡಲು ಒಂದು ನಿಮಿಷ ಸಾಕು, ಅವನಿಗೆ ಇಪ್ಪತ್ತು ಬೇಕಾಗುತ್ತಿತ್ತು. ನಾನೂ ಬೇಗ ಕಳಿಸಿದವಳಲ್ಲ, ಸುಳ್ಳು ಯಾಕೆ?

ಮಧ್ಯಾಹ್ನ ಅಮ್ಮ ಮಲಗಿದಾಗ ದಿವಾನನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಯಾರೂ ಬಳಸದ ಹಿಂದಿನ ಮೆಟ್ಟಿಲಿಗೆ ಹೋದೆ. ಸುಶಾಂತ ಮಾಸ್ಕ್ ಹಾಕಿಕೊಂಡು ಏದುಸಿರು ಬಿಡುತ್ತ ಕೂತಿದ್ದ.

"ಲಿಫ್ಟ್ ಹತ್ರ ನಿಮ್ಮಪ್ಪ ಇದ್ರು. ಏಳು ಮಹಡಿ ಹತ್ತಿದೆ."

"ಸ್ವೆಟರ್ ಒಳಗೇನದು?"

"ಬಂಗುಡೆ. ಡಬ್ಬಿ ಆರಬಾರ್ದಲ್ಲ? ಈಗ ನಾನೇ ಬಂಗುಡೆ ಥರ ನಾರ್ತಿದ್ದೀನಿ."

"ಹಾಗಾದ್ರೆ ದೂರ ಕೂತ್ಕೋ."

ಅವನು ದೂರ ಕೂರಲಿಲ್ಲ. ನಾನೂ ಸರಿಯಲಿಲ್ಲ. ಮಾಸ್ಕಿನ ಮೇಲೆ ಅವನ ಕಣ್ಣುಗಳು ಮೊದಲು ನಕ್ಕವು, ಆಮೇಲೆ ನನ್ನ ಮುಖದ ಮೇಲೆಯೇ ನಿಂತುಬಿಟ್ಟವು. ನಾನು ಬೆಕ್ಕನ್ನು ನೋಡುವಂತೆ ನಟಿಸಿದೆ.

ಮೀನಿನ ಚೂರೊಂದನ್ನು ದಿವಾನನ ಮೂಗಿಗೆ ಹಿಡಿದ. ಕೆಳಗೆಲ್ಲೋ ಬಾಗಿಲು ಧಡಾರಂತ ಬಡಿಯಿತು. ದಿವಾನ ನಡುಗುತ್ತ ನನ್ನ ಶಾಲಿನೊಳಗೆ ತಲೆ ಹುದುಗಿಸಿದ.

"ಅರೇ ಯಾರ್, ಇವನು ಇಲ್ಲಿ ತಿನ್ನಲ್ಲ," ಅಂದ ಸುಶಾಂತ. "ಭಯ ಆಗಿದೆ. ದಿನಾ ತಿನ್ನೋ ಜಾಗದಲ್ಲೇ ಕೊಡ್ಬೇಕು."

"ಅದು ನಮ್ಮ ಅಡುಗೆಮನೆ ಬಾಗಿಲು!"

"ಅಚ್ಛಾ." ಡಬ್ಬಿ ಮುಚ್ಚಿ ನನ್ನ ಪಕ್ಕ ಇಟ್ಟ. "ನೀನೇ ಒಯ್ದು ಕೊಡು. ನಾನು ಹೊರಡ್ತೀನಿ. ಗುರುವಾರದ ಊಟದ ಆರ್ಡರ್ ನಮಗೇ ಬಂದಿದೆ, ಗೊತ್ತಾ? ಮೈಸೂರ್ ಪಾಕ್ ನಾನೇ ಮಾಡ್ತೀನಿ."

"ನನ್ನ ನಿಶ್ಚಿತಾರ್ಥಕ್ಕೆ ನೀನು ಮೈಸೂರ್ ಪಾಕ್ ಮಾಡ್ತೀಯಾ?"

"ಮತ್ತೇನ್ ಮಾಡ್ಲಿ? ಹೂಂ ಅಂದವಳು ನೀನು."

ನಗಲು ಹೋದ, ಆಗಲಿಲ್ಲ. ನನಗೆ ಎಲ್ಲಿಲ್ಲದ ಕೋಪ ಬಂತು, ಅವನ ಮೇಲಲ್ಲ, ನನ್ನ ಮೇಲೆಯೇ. ಇಲ್ಲಿ ಬೆಕ್ಕಿನ ಪ್ರಾಣ ಹೋಗುತ್ತಿದೆ, ನಾನು ಕಳ್ಳಿಯ ಹಾಗೆ ಮೆಟ್ಟಿಲ ಮೇಲೆ ಕೂತಿದ್ದೇನೆ! ಈ ಮನುಷ್ಯ ಇಲ್ಲದೆ ಒಂದು ಶನಿವಾರವನ್ನೂ ಕಳೆಯಲಾರೆ ಅಂತ ಗೊತ್ತಿದ್ದೂ ಸುಮ್ಮನಿದ್ದೇನೆ. ಅವನ ಮುಂಗೈ ಹಿಡಿದುಕೊಂಡೆ.

"ಒಳಗೆ ಬಾ."

"ಹುಚ್ಚಾ ನಿನಗೆ? ಆಂಟಿ ಇದ್ದಾರೆ."

"ಇರ್ಲಿ. ಚಲೋ."

ಮುಂಬಾಗಿಲಿನಿಂದಲೇ ಕರೆದುಕೊಂಡು ಹೋದೆ. ಕಿಟಕಿಯೆಲ್ಲ ಮುಚ್ಚಿದ್ದ ಮನೆ, ಡಬ್ಬಿ ತೆರೆದದ್ದೇ ತಡ, ದೇವರ ಕೋಣೆಯವರೆಗೂ ಬಂಗುಡೆಯ ವಾಸನೆ. ಅಡುಗೆಮನೆ ಬಾಗಿಲಲ್ಲಿ ಸುಶಾಂತ ಮಂಡಿಯೂರಿ ಮೀನಿನ ಚೂರು ಹಿಡಿದ ಬೆರಳು ಚಾಚಿದ. ದಿವಾನ ಮೂಸಿದ. ಒಮ್ಮೆ ನೆಕ್ಕಿದ. ಮತ್ತೊಮ್ಮೆ. ಆಮೇಲೆ ಗುರುಗುಟ್ಟುತ್ತ ತಿನ್ನತೊಡಗಿದ. ನನಗೆ ಅಳು ತಡೆಯಲಾಗಲಿಲ್ಲ.

"ರಾಮ ರಾಮಾ! ಏನೇ ಇದು ನಾತ?" ಅಮ್ಮ ಮೂಗಿಗೆ ಸೆರಗು ಹಿಡಿದು ಬಂದು ನಿಂತಳು. "ಹಿಟ್ಟಿನ ಹುಡುಗ ಅಲ್ವಾ? ಇವನಿಗೇನು ಕೆಲಸ ಇಲ್ಲಿ?"

ಸುಶಾಂತ ಏಳಲು ಹೋದ. ಅವನ ಹೆಗಲು ಒತ್ತಿ ಕೂರಿಸಿದೆ.

"ಅಮ್ಮ, ಮೀನು ದಿವಾನನಿಗೆ." ಫೋನ್ ಕೈಗೆತ್ತಿಕೊಂಡೆ. "ಇವನು ನನಗೆ. ಗುರುವಾರದ್ದು ಬೇಡ. ಶ್ರೇಯಸ್‌ಗೆ ನಾನೇ ಹೇಳ್ತೀನಿ, ಈಗಲೇ."

ಅಮ್ಮ ಕುರ್ಚಿ ಹಿಡಿದು ಕೂತಳು. ಸುಶಾಂತ ಮಾಸ್ಕ್ ಕೆಳಗೆಳೆದು ನನ್ನನ್ನೇ ನೋಡಿದ.

"ನನ್ನನ್ನ ಒಂದ್ ಮಾತೂ ಕೇಳಲಿಲ್ಲ," ಅಂದ ಮೆಲ್ಲಗೆ.

"ಈಗ ಕೇಳ್ತಿದ್ದೀನಿ. ಬೇಡ್ವಾ?"

"ಬೇಕು. ಎರಡು ವರ್ಷದಿಂದ ಬೇಕು."

ಅಮ್ಮ ದಿವಾನ ತಿನ್ನುವುದನ್ನೇ ನೋಡುತ್ತಿದ್ದಳು. ಕೊನೆಗೆ ಸೆರಗಿನ ಹಿಂದಿನಿಂದ ಸುಶಾಂತನನ್ನು ಗದರಿದಳು.

"ಮುಳ್ಳು ಸರಿಯಾಗಿ ತೆಗೆದಿದ್ದೀಯೇನೋ? ಗಂಟಲಿಗೆ ಸಿಕ್ಕೀತು."

"ಎಲ್ಲಾ ತೆಗೆದಿದ್ದೀನಿ, ಆಂಟಿ."

ನಾನು ಶ್ರೇಯಸ್‌ನ ನಂಬರ್ ಒತ್ತಿದೆ.