ಮುಂಚೆಯೇ ಉತ್ತರ ಕೊಟ್ಟ ಪೆಟ್ಟಿಗೆ

ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ಬಿಸಿಗಾಳಿ ಹೊತ್ತು ತಂದ ಹೊಟ್ಟು ಶಾಲೆಯ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೂತಿತ್ತು. ಲ್ಯಾಬ್ ಮೇಡಂ ಬೆಳಗ್ಗೆಯಿಂದ ಎಂಟನೇ ಸಲ ಇಪ್ಪತ್ತು ಕಂಪ್ಯೂಟರ್‌ಗಳನ್ನೂ ಚಾಲೂ ಮಾಡಿದಳು. ಒಂದಕ್ಕೂ ಸ್ವಂತ ಡಿಸ್ಕ್ ಇಲ್ಲ. ಕಣ್ಣು ಬಿಟ್ಟೊಡನೆ ಪ್ರತಿಯೊಂದೂ ತಂತಿಯುದ್ದಕ್ಕೂ ಕೂಗಿ ಕೇಳಬೇಕು: ನನ್ನ ವಿಳಾಸ ಯಾವುದು, ಯಾವ ಫೈಲಿನಿಂದ ಶುರುಮಾಡಲಿ? ವಿಳಾಸ ಹಂಚುವ ಅವಳ ಡಿಎಚ್‌ಸಿಪಿ ಸರ್ವರ್ ಎರಡಕ್ಕೂ ಉತ್ತರ ಕೊಡುತ್ತಿತ್ತು. ಮೂರು ದಿನದಿಂದ ಮಾತ್ರ ಇಪ್ಪತ್ತೂ ಪರದೆಗಳಲ್ಲಿ ಒಂದೇ ಸಾಲು: ಬೂಟ್ ಫೈಲ್ ಸಿಗಲಿಲ್ಲ.

ನಾಳೆ ಪರೀಕ್ಷೆ. ನಡೆಯದಿದ್ದರೆ ಈ ಕೆಲಸಕ್ಕೆ ಬೇರೆಯವರು ಎಂದು ಹೆಡ್‌ಮೇಡಂ ಹೇಳಿಯಾಗಿತ್ತು.

"ನಿಮ್ಮ ತಂತಿಯೇ ಸರಿ ಇಲ್ಲ," ಅವಳು ಹೆಡ್‌ಮೇಡಂ ಎದುರಿಗೇ, ಲ್ಯಾಬಿಗೆ ತಂತಿ ಎಳೆದಿದ್ದ ವೈರ್‌ಮನ್ ಮೇಲೆ ಹರಿಹಾಯ್ದಳು. "ಕೈಗೆ ಬಂದ ಹಾಗೆ ಸಿಕ್ಕಿಸಿದ್ದೀರ."

ಏಣಿಯ ಮೇಲಿದ್ದ ಅವನ ಕಿವಿ ಕೆಂಪಾಯಿತು. ಇಳಿದು, ಮೀಟರ್ ಹಿಡಿದು ಇಪ್ಪತ್ತೂ ತಂತಿಗಳನ್ನು ಪರೀಕ್ಷಿಸಿದ. ಎಲ್ಲವೂ ಸರಿ. ಅದು ಅವಳನ್ನು ಇನ್ನಷ್ಟು ಉರಿಸಿತು.

ಹೆಡ್‌ಮೇಡಂ ಹೋದ ಮೇಲೆ ಅವಳು ಪರದೆಯ ಮೇಲಿನ ವಿಳಾಸವನ್ನು ನಿಧಾನವಾಗಿ ಓದಿದಳು. ಅದು ಅವಳ ಸರ್ವರ್ ಕೊಡುವ ಸಂಖ್ಯೆಯೇ ಅಲ್ಲ! ಅದಕ್ಕಿಂತ ಮುಂಚೆಯೇ ಇನ್ಯಾರೋ ಉತ್ತರ ಕೊಡುತ್ತಿದ್ದಾರೆ. ತಂತಿಗಳೆಲ್ಲ ಸೇರುವ ಸ್ವಿಚ್ಚಿನಿಂದ ಹೊರಟ ಒಂದೊಂದೇ ತಂತಿಯ ಜಾಡು ಹಿಡಿದಳು. ಕೊನೆಯದು ಗೋಡೆ ದಾಟಿ, ಅವಳು ಊಟಕ್ಕೆ ಕೂರುವ ಜಗಲಿಯ ಹಳೇ ಬೀರುವಿನ ಹಿಂದೆ ನಿಂತಿತ್ತು. ಅಲ್ಲೊಂದು ಪುಟ್ಟ ವೈಫೈ ಪೆಟ್ಟಿಗೆ. ಕೇಳಿದವರಿಗೆಲ್ಲ ವಿಳಾಸ ಹಂಚುತ್ತಿತ್ತು. ಬೂಟ್ ಫೈಲಿನ ಸುದ್ದಿ ಅದಕ್ಕೆ ಗೊತ್ತೇ ಇಲ್ಲ.

"ಯಾರು ಇಟ್ಟಿದ್ದು ಇದನ್ನ?"

"ನಾನೇ," ಎಂದ ಹಿಂದೆ ಬಂದು ನಿಂತಿದ್ದ ವೈರ್‌ಮನ್.

"ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಲ್ರೀ!"

"ಇದರಿಂದ ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ. ಅಮ್ಮನ ಜೊತೆ ಮಾತಾಡೋಕೆ ದಿನಾ ಈ ಬಿಸಿಲಲ್ಲಿ ನೀರಿನ ಟ್ಯಾಂಕ್ ಹತ್ತುತ್ತೀರಲ್ಲ... ನೆರಳಲ್ಲೇ ಸಿಗ್ನಲ್ ಸಿಗಲಿ ಅಂತ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ."

"ಈಗ ಕೇಳ್ತಿದೀನಿ. ಯಾಕೆ?"

ಅವನು ಕೈಯಲ್ಲಿದ್ದ ವೈರಿಂಗ್ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನೀವು ಮೇಲೆ ನಗ್ತಾ ಮಾತಾಡ್ತಿರ್ತೀರ. ಇಳಿಯೋವರೆಗೂ ಕೆಳಗೆ ನನ್ನ ಜೀವ ಕೈಯಲ್ಲಿರುತ್ತೆ."

ಅವಳು ದುರುಗುಟ್ಟಿ ನೋಡಿದಳು. ನೋಟ ತುಸು ಹೆಚ್ಚೇ ಹೊತ್ತು ನಿಂತಿತು. ಆಮೇಲೆ ಸರಕ್ಕನೆ ತಂತಿ ಕಿತ್ತು, ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದು, ಕಂಪ್ಯೂಟರ್‌ಗಳನ್ನು ಮತ್ತೆ ಚಾಲೂ ಮಾಡಿದಳು. ಒಂದರ ಹಿಂದೊಂದು ಇಪ್ಪತ್ತೂ ಪರದೆಗಳು ಬೆಳಗಿದವು.

"ಹೆಡ್‌ಮೇಡಂ ಎದುರು ನನ್ನ ತಂತಿ ಸರಿ ಇಲ್ಲ ಅಂದ್ರಿ," ಎಂದ ಬಾಗಿಲಲ್ಲಿ ನಿಂತು. "ತಪ್ಪಾಯ್ತು ಅನ್ನಲ್ವಾ?"

"ಅನ್ನಲ್ಲ. ಮೂರು ದಿನ ನನ್ನ ಹೊಟ್ಟೆ ಉರಿಸಿದೀರ."

"ಹಾಗಾದ್ರೆ ಬಾಕಿ."

"ಇರಲಿ ಬಾಕಿ." ಅವಳು ಪೆಟ್ಟಿಗೆಯ ಧೂಳು ಸೆರಗಿನಿಂದ ಒರೆಸಿದಳು. "ಇದರ ವಿಳಾಸ ಹಂಚೋ ಚಾಳಿ ಬಿಡಿಸಿ ಅಲ್ಲೇ ಇಡ್ತೀನಿ. ಬಾಕಿ ಕೇಳೋಕೆ ದಿನಾ ಬನ್ನಿ, ಊಟದ ಹೊತ್ತಿಗೆ. ಜಗಲಿಗೆ."